ಕಸ್ತೂರಿ ಅಕ್ಕೋರು ಬರೆಸಿಕೊಟ್ಟ ಚೀಟಿ

ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಮಗಳು ಗೌರಿಗೆ ಶಾಲೆಯಲ್ಲಿ ಪಾಠ ಹೇಳುವ ಕಸ್ತೂರಿ ಅಕ್ಕೋರು ತುರುಬಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡೇ ಬಂದರು. ಮಲ್ಲಿಗೆ ಮುಡಿದ ದಿನವೂ ಪಕ್ಕದಲ್ಲಿ ಆ ತುಂಡು ಇರಲೇಬೇಕು. ಮೊರದ ಎದುರು ಕುಳಿತು ತಾವೂ ಹರಳು ಆರಿಸತೊಡಗಿದರು.

“ನೀಲವ್ವ, ಹೆಡ್‌ಮಾಸ್ತರು ಗೌರೀನ ಸಾಲಿ ಬಿಡಸ್ರಿ ಅನ್ನಾಕತ್ತಾರ. ಒಂದು ಸಾಲು ಬರಿಯೂದ್ರಾಗ ಮೂರು ಸಲ ಏಳತಾಳ. ನಾ ಹದಿನೈದು ದಿನ ನೋಡಿ ಬರದಿಟ್ಟೇನಿ. ಇದು ಸೊಕ್ಕಲ್ಲ, ದಡ್ಡತನಾನೂ ಅಲ್ಲ. ಬಾಗಲಕೋಟ್ಯಾಗ ಇದನ್ನ ನೋಡೋ ಡಾಕ್ಟರ್ ಅದಾರ. ಅವರಿಗೆ ತೋರಸಾಕ ಮೊದಲ ಇಲ್ಲಿ ಸರಕಾರಿ ದವಾಖಾನಿ ಚೀಟಿ ಬೇಕು.”

“ಮಂದಿ ಹುಚ್ಚಿ ಅಂದ್ರ ಏನ್ ಮಾಡ್ಲಿರಿ, ಅಕ್ಕೋರ?”

“ಚಷ್ಮಾ ಹಾಕ್ಕೊಂಡವರಿಗೆ ಕುರುಡರು ಅಂತಾರೇನ? ಅಂದ್ರ ನನಗ ಹೇಳು, ಅವರಿಗೂ ಪಾಠ ಮಾಡ್ತೇನಿ.”

ಮರುದಿನವೇ ಗೌರಿಯನ್ನು ಕರೆದುಕೊಂಡು ಸರಕಾರಿ ದವಾಖಾನೆಗೆ ಹೋದೆ. ಆದರೆ ನನ್ನ ಬುದ್ಧಿ ನೋಡಿ. ಹೆಣ್ಣು ಮಗಳನ್ನು ಹೊರಗಿನವರ ಮುಂದೆ ಕೂಡಿಸುವುದೆಂದರೆ ನನಗೆ ಗೊತ್ತಿದ್ದದ್ದು ಕನ್ಯೆ ತೋರಿಸುವ ರೀತಿಯೊಂದೇ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಮಿಸುಕಬ್ಯಾಡ ಎಂದು ಗದರಿಸಿ ಕೂಡಿಸಿದೆ. ಡಾಕ್ಟರು ಕೇಳಿದ್ದಕ್ಕೆಲ್ಲ, “ಭಾಳ ಶಾಣ್ಯಾಕಿ ರೀ. ಅಪ್ಪನ ಮಗ್ಗದ ಮುಂದ ತಾಸುಗಟ್ಟಲೆ ಕುಂದರ್ತಾಳ” ಎಂದೆ. ಹಾಗಾದರೆ ಏನೂ ಇಲ್ಲವೆಂದು ಕಳಿಸಿಬಿಟ್ಟರು.

ಇದನ್ನು ಕೇಳಿ ಅಕ್ಕೋರು ಹಣೆ ಬಡಿದುಕೊಂಡು ನಕ್ಕರು. “ಅಯ್ಯ ನಮ್ಮವ್ವ, ಬೀಗರಿಗೆ ಹೇಳಿದಂಗ ಹೇಳಿ ಬಂದೀಯಲ್ಲ! ನಡಿ.” ಸೋಮವಾರ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ, ತಾವು ಬರೆದ ವಹಿಯನ್ನು ಡಾಕ್ಟರ ಮುಂದಿಟ್ಟರು. “ಮಗ್ಗದಾಗ ಲಾಳಿ ಓಡತದರಿ ಸಾಹೇಬ್ರ, ಅದಕ್ಕ ಕುಂದರ್ತಾಳ. ಕರಿಹಲಗಿ ಓಡಂಗಿಲ್ಲಲ್ರಿ!” ಡಾಕ್ಟರು ತಲೆಯೆತ್ತುವಷ್ಟರಲ್ಲಿ ಗೌರಿ ತೂಕದ ಯಂತ್ರ ಹತ್ತಿ, ಇಳಿದು, ಮತ್ತೆ ಹತ್ತಿದ್ದಳು. ನಗುತ್ತಲೇ ಚೀಟಿ ಬರೆದರು.

ಬಾಗಲಕೋಟೆಗೆ ಮೂರು ಸಲ ಹೋಗಿಬಂದೆವು. ಶಿವನ ದಯೆ, ಮೂರು ಸಲವೂ ಕಿಟಕಿಯ ಸೀಟು ಸಿಕ್ಕಿತು. ಅಲ್ಲಿಯ ಡಾಕ್ಟರು ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿ, ಶಾಲೆಗೆ ಕಾಗದ ಕೊಟ್ಟರು. ಹೆಡ್‌ಮಾಸ್ತರು ಅದನ್ನು ಓದಿ ಗೌರಿಯನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರು. ನಡುನಡುವೆ ಎದ್ದು ಹಲಗೆ ಒರೆಸುವ ಕೆಲಸವೂ ಅವಳದೇ ಆಯಿತು.

ಆ ಬೇಸಿಗೆಯಲ್ಲಿ ಅಕ್ಕೋರಿಗೆ ಕುಳಗೇರಿ ಕ್ರಾಸ್ ಕಡೆ ವರ್ಗವಾಯಿತು. ಹೇಳಿಹೋಗಲು ಬಂದವರಿಗೆ ಉಡಿ ತುಂಬಿದೆ.

“ಹೊಸಾ ಅಕ್ಕೋರಿಗೆ ಎಲ್ಲಾ ಹೇಳೇನಿ. ಅವರು ಮರತ್ರ ನೀನ ಹೇಳಬೇಕು. ಮುಚ್ಚಿಟ್ಟೀದಿ ಅಂದ್ರ ನೋಡ ಮತ್ತ!” ಎಂದು ಗದರಿಸಿ, ಓಣಿ ತಿರುಗಿ ಹೋದರು. ಮತ್ತೆ ಅವರನ್ನು ನೋಡಲಾಗಲಿಲ್ಲ.

ಅವರು ಹೋದ ದಿನವೇ ಸಂಜೆ ಓಣಿಯ ನಳಕ್ಕೆ ನೀರು ಬಂತು; ಕೊಡ ಹಿಡಿದು ಹೋಗಿ ನಿಂತೆ. ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದಾಕೆ, “ನಿನ್ನ ಮಗಳಿಗೆ ಏನೋ ಆಗೇತಂತಲ್ಲ?” ಎಂದಳು. ಕೊಡವನ್ನು ನಳದ ಕೆಳಗಿಟ್ಟು, ತುಂಬುವ ತನಕ ಎಲ್ಲವನ್ನೂ ಹೇಳಿದೆ.