ಬಾಯಾರು ತಮ್ಮ ಮೇಲೆ ಹಾಕಿಕೊಂಡ ಸಿನಿಮಾ

ಕಳೆದ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ, ಬಹಳ ದಿನ ಮುಟ್ಟದಿದ್ದ ಹಳೆಯ ಸ್ಟೆಬಿಲೈಜರಿಗೆ ಟಿವಿ ಜೋಡಿಸಿ ಸ್ವಿಚ್ಚು ಒತ್ತಿದೆ. ಸ್ವಲ್ಪ ಹೊತ್ತಿಗೆ ಕಾದ ಧೂಳಿನ ವಾಸನೆ ಕೋಣೆ ತುಂಬಿತು. ಸಿಂಧನೂರಿನ ನಮ್ಮ ಮನೆಯಲ್ಲಿ ನಿಂತಿದ್ದವಳಿಗೆ ಲಿಂಗಸುಗೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಊಟದ ಹಾಲ್ ಕಣ್ಣ ಮುಂದೆ ಬಂತು. ಅಲ್ಲಿಗೆ ತರಿಸುತ್ತಿದ್ದ ಬಾಡಿಗೆಯ ಟಿವಿಗೂ ಇದೇ ವಾಸನೆಯಿತ್ತು...

ನಾನು ಹತ್ತನೆಯ ತರಗತಿಯಲ್ಲಿ ನೋಡಿದ್ದ ಒಂದು ಸಿನಿಮಾವನ್ನು ಅಂದು ಮಕ್ಕಳಿಗೆ ತೋರಿಸಬೇಕೆಂದಿದ್ದೆ. ಕಾಲೇಜು ಹುಡುಗ ಹುಡುಗಿಯರ ಪ್ರೇಮದ ಕಥೆ. ನನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಪಿಯುಸಿ, ಚಿಕ್ಕವಳು ಎಂಟನೆಯ ತರಗತಿ. ನಾಯಕನ ದೊಗಳೆ ಪ್ಯಾಂಟು ನೋಡಿ ಇಬ್ಬರೂ ನಕ್ಕೇ ನಕ್ಕರು. “ಮಮ್ಮಿ, ಇದನ್ನ ನೋಡಿ ನೀವು ಅಳತಿದ್ರಾ?” ಎಂದಳು ಚಿಕ್ಕವಳು. ನಾನೂ ನಕ್ಕೆ. ಆದರೆ ನಾಯಕಿ ಪುಸ್ತಕಗಳನ್ನು ಎದೆಗವಚಿಕೊಂಡು ಕಾಲೇಜಿನ ಮೆಟ್ಟಿಲು ಹತ್ತುವಾಗ ನನ್ನ ಕಣ್ಣು ತುಂಬಿತು. ದೊಡ್ಡವಳು ಸಿನಿಮಾ ನಿಲ್ಲಿಸಿ, “ಯಾಕ ಮಮ್ಮಿ?” ಎಂದಳು. ಯಾರಿಗೂ ಹೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಅವರಿಗೆ ಹೇಳಿದೆ.

ನಮ್ಮ ಹಾಸ್ಟೆಲ್ಲಿನ ವಾರ್ಡನ್ನರನ್ನು ನಾವೆಲ್ಲ ಬಾಯಾರು ಎಂದೇ ಕರೆಯುತ್ತಿದ್ದೆವು. ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ, ಮಕ್ಕಳು ಯಾರೂ ಇರಲಿಲ್ಲ. ಜ್ವರ ಬಂದ ಹುಡುಗಿಯನ್ನು ತಮ್ಮ ಕೋಣೆಯಲ್ಲೇ ಮಲಗಿಸಿಕೊಳ್ಳುತ್ತಿದ್ದರು. ನಾನು ಸಂತೆಕಲ್ಲೂರಿನ ಕೂಲಿ ಮಾಡುವ ಮನೆಯವಳು. ಆ ಮನೆಯಿಂದ ಹೈಸ್ಕೂಲಿನ ತನಕ ಬಂದ ಮೊದಲ ಹುಡುಗಿ. ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದ ನನಗೆ ಪ್ರತಿ ಸಂಜೆ ಅವರೇ ಹೇಳಿಕೊಡುತ್ತಿದ್ದರು.

ದಸರಾ ರಜೆಗೆ ಊರಿಗೆ ಹೋಗುವ ಮುನ್ನ ಹುಡುಗಿಯರಿಗೆ ಒಂದು ಸಿನಿಮಾ ತೋರಿಸುವುದು ರೂಢಿ. ದೇವರ ಸಿನಿಮಾ ಮಾತ್ರ. ಆ ವರ್ಷ ಬಾಯಾರು ಚೀಟಿ ಬರೆದು ನನ್ನನ್ನೂ ನನ್ನ ಗೆಳತಿಯನ್ನೂ ಕ್ಯಾಸೆಟ್ಟಿನ ಅಂಗಡಿಗೆ ಕಳಿಸಿದರು. ದಾರಿಯಲ್ಲಿ ನಾನು ಚೀಟಿ ಹರಿದೆ. ಅಂಗಡಿಯವನಿಗೆ ಎಲ್ಲರ ಬಾಯಲ್ಲೂ ಇದ್ದ ಈ ಸಿನಿಮಾದ ಹೆಸರು ಹೇಳಿದೆ. ಗೆಳತಿ ಹೆದರಿದ್ದಳು. ನಾನು ಹೆದರಲಿಲ್ಲ.

ಪರದೆಯ ಮೇಲೆ ದೇವರ ಬದಲು ಕಾಲೇಜು ಕಂಡಾಗ ಬಾಯಾರು ಎದ್ದು ನಿಂತರು. ಅವರು ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿ, “ಆತು, ತಂದದ್ದು ತಂದಾಗೈತಿ. ಗದ್ಲ ಮಾಡದ ನೋಡ್ರಿ” ಎಂದು ಕುಳಿತರು. ನಾಯಕಿ ಸೈಕಲ್ ಮೇಲೆ ಕಾಲೇಜಿಗೆ ಹೊರಟಾಗ, ಪಕ್ಕದಲ್ಲಿದ್ದ ನನ್ನ ಕಡೆಗೆ ಬಾಗಿ ಮೆಲ್ಲಗೆ ನಕ್ಕು ಹೇಳಿದರು: “ನಮ್ಮಪ್ಪ ನಂಗ ಸೈಕಲ್ ಮುಟ್ಟಾಕ ಕೊಡಲಿಲ್ಲ ನೋಡು.” ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ ಇರಬೇಕು...

ರಜೆಯಲ್ಲಿ ಯಾರೋ ಒಬ್ಬಳು ಮನೆಯಲ್ಲಿ ಆ ಸಿನಿಮಾದ ಹಾಡು ಹಾಡಿದಳಂತೆ. ಮಾತು ಊರಿಂದೂರಿಗೆ ಹರಡಿತು. ಹಾಸ್ಟೆಲ್ ಮತ್ತೆ ಶುರುವಾದ ವಾರದಲ್ಲೇ ನಾಲ್ಕೈದು ಜನ ತಂದೆಯಂದಿರು ಬಂದು ನಿಂತರು. ಅವರಲ್ಲಿ ನನ್ನ ಅಪ್ಪನೂ ಇದ್ದ. “ನಮ್ಮ ಹುಡುಗಿನ್ನ ಕಳಸ್ರಿ. ಓದಿದ್ದು ಸಾಕು” ಎಂದ. ನಾನೂ ಗೆಳತಿಯೂ ಬಾಗಿಲ ಹಿಂದೆ ನಿಂತಿದ್ದೆವು.

ಬಾಯಾರು ವರಾಂಡಕ್ಕೆ ಬಂದರು. “ಹುಡುಗ್ಯಾರದು ಏನೂ ತಪ್ಪಿಲ್ರಿ. ಕ್ಯಾಸೆಟ್ ನಾನೇ ತರಿಸೀನಿ. ಬೈಯೋದಿದ್ರ ನನಗ ಬೈರಿ. ಪರೀಕ್ಷಾ ಮುಗಿಯೋತನ ಇವರನ್ನ ಇಲ್ಲೇ ಬಿಡ್ರಿ.”

ತಂದೆಯಂದಿರು ಬೈದರು. ಮದುವೆಯಾಗದ ಹೆಂಗಸಿಗೆ ಏನೇನು ಅನ್ನಬಾರದೋ ಅದನ್ನೆಲ್ಲ ಅಂದರು. ಗೆಳತಿ ನನ್ನ ಮುಖ ನೋಡಿದಳು. ಒಂದು ಹೆಜ್ಜೆ ಹೊರಗಿಟ್ಟಿದ್ದರೆ ಸಾಕಿತ್ತು. ನಾನು ಇಡಲಿಲ್ಲ. ಬೈದು ದಣಿದು ಅಪ್ಪಂದಿರು ನಮ್ಮನ್ನು ಬಿಟ್ಟು ಹೋದರು. ಬಾಯಾರಿಗೆ ಮಾತ್ರ ದೂರದ ತಾಲೂಕಿಗೆ ವರ್ಗವಾಯಿತು.

ಹೊರಡುವ ದಿನ ನಾನು ಅವರ ಟ್ರಂಕು ಹಿಡಿದು ಬಸ್ಸಿನ ತನಕ ಹೋದೆ. ಚೀಟಿ ಬರೆದುಕೊಟ್ಟವರು ಅವರೇ. ಯಾರು ಬದಲಿಸಿದ್ದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅದನ್ನು ಎತ್ತಲಿಲ್ಲ. “ಪಾಸಾದ ಮ್ಯಾಲ ಒಂದು ಕಾರ್ಡು ಬರೀ” ಎಂದಷ್ಟೇ ಹೇಳಿದರು. ಪಾಸಾದೆ. ಕಾರ್ಡೂ ತಂದೆ. ಪಾಸಾದ ಸುದ್ದಿ ಬರೆದರೆ ಉಳಿದದ್ದನ್ನೂ ಬರೆಯಬೇಕಾಗುತ್ತದೆ ಎಂದು ಬಿಟ್ಟುಬಿಟ್ಟೆ... ಮುಂದೆ ಓದಿ ನರ್ಸ್ ಆದೆ, ಮದುವೆಯಾಯಿತು, ವರ್ಷಗಳು ಹೋದವು.

ಎರಡು ವರ್ಷದ ಹಿಂದೆ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಆ ಗೆಳತಿ ಸಿಕ್ಕಳು. ಬಾಯಾರು ರಿಟೈರ್ ಆಗಿ ದಢೇಸುಗೂರಿನಲ್ಲಿ ತಮ್ಮನ ಮನೆಯಲ್ಲಿದ್ದರಂತೆ. ನಾನಿರುವ ಸಿಂಧನೂರಿನಿಂದ ಅದೇನು ಮಹಾ ದೂರ... “ನಾ ಹೋಗಿ ನೋಡಿ ಬಂದಿದ್ದೆ. ನಿನ್ನ ಕೇಳಿದ್ರು. ನರ್ಸ್ ಆಗ್ಯಾಳ್ರಿ ಅಂದೆ, ಭಾಳ ಖುಷಿಪಟ್ರು. ಹೋದ ಶ್ರಾವಣದಾಗ ತೀರಿಕೊಂಡ್ರು” ಎಂದಳು. ನನ್ನ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಇಷ್ಟನ್ನೂ ಕೇಳಿದ ಮೇಲೆ ದೊಡ್ಡವಳು ಕೇಳಿದಳು: “ಮುತ್ಯಾ ಇನ್ನೂ ಆ ಬಾಯಾರ್ದೇ ತಪ್ಪು ಅಂತ ತಿಳಕೊಂಡಾನಾ ಮಮ್ಮಿ?”

ಮುತ್ಯಾ ಎಂದರೆ ನನ್ನ ಅಪ್ಪ. ಮರುದಿನ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಸಂತೆಕಲ್ಲೂರಿಗೆ ಹೋದೆ. ಅಪ್ಪ ನನ್ನ ತಮ್ಮನ ಮಗುವನ್ನು ತೊಡೆಯ ಮೇಲೆ ಆಡಿಸುತ್ತ ಕಟ್ಟೆಯ ಮೇಲೆ ಕುಳಿತಿದ್ದ. ಮಕ್ಕಳ ಎದುರಿಗೇ ಎಲ್ಲವನ್ನೂ ಹೇಳಿದೆ. ಚೀಟಿ ಹರಿದದ್ದು, ಬಾಗಿಲ ಹಿಂದೆ ನಿಂತದ್ದು, ಎಲ್ಲ. ಅಪ್ಪ ಸಿಟ್ಟಾಗಲಿಲ್ಲ. ಕೂಸನ್ನು ಚಿಕ್ಕವಳ ಕೈಗೆ ಕೊಟ್ಟು ಕೇಳಿದ: “ಈಗ ಎಲ್ಲದಾರ ಆ ಬಾಯಾರು?”

“ಇಲ್ಲಪ್ಪ. ತೀರಿಕೊಂಡ್ರು.”

ಅಪ್ಪ ತಲೆ ತಗ್ಗಿಸಿದ. “ಅವತ್ತು ನಾನೂ ಭಾಳ ಅಂದುಬಿಟ್ಟೆ ಬೇ” ಎಂದ. “ಅಲ್ಲಿಂದ ಬರೂ ಮುಂದ ಒಂದು ಸಲ ಕೈ ಸುದ್ದಾ ಮುಗೀಲಿಲ್ಲ ಅವರಿಗೆ.”