ತೊಳೆಯದೆ ಉಳಿದ ಹೈಪೊ

ಫೋಟೊ ಹಳದಿಯಾಗುವುದಕ್ಕೆ ವಯಸ್ಸೇ ಕಾರಣ ಎನ್ನುವವರನ್ನು ಕಂಡರೆ ಇವತ್ತಿಗೂ ನನಗೆ ಮೈಯುರಿಯುತ್ತದೆ. ಆ ಸುಳ್ಳನ್ನು ಮೊದಲು ಕೇಳಿದ್ದು ನನ್ನ ಗಂಡನ ಬಾಯಲ್ಲೇ, ಕೊಟ್ಟೂರಿನ ನಮ್ಮ ಸ್ಟುಡಿಯೋದಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ.

ಅವರು ಫೋಟೊ ತೆಗೆಯುತ್ತಿದ್ದರು, ಡಾರ್ಕ್‌ರೂಮಿನ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಓದಿದವಳೆಂದು ಡೆವಲಪರ್, ಹೈಪೊ ಎಂಬ ದ್ರಾವಣಗಳನ್ನು ಕಲಸಲು ಕೊಟ್ಟಿದ್ದರು. ನನ್ನ ಮಾತಿಗೆ ಮಾತ್ರ ಬೆಲೆಯಿರಲಿಲ್ಲ. ಚಿತ್ರ ನಿಲ್ಲಬೇಕಾದರೆ ಕಾಗದವನ್ನು ಹೈಪೊದಲ್ಲಿ ಅದ್ದಬೇಕು. ಆಮೇಲೆ ಆ ಹೈಪೊ ಪೂರ್ತಿ ಹೋಗುವಂತೆ ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯಬೇಕು. ಉಳಿದರೆ ಚಿತ್ರವನ್ನೇ ಹಳದಿ ಮಾಡಿ ತಿನ್ನುತ್ತದೆ. ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ರನ್ನಿಂಗ್ ವಾಟರ್ ಎಲ್ಲಿಂದ ಬರಬೇಕು? ಒಂದೇ ಬಕೆಟ್ಟಿನಲ್ಲಿ ಇಡೀ ದಿನದ ಫೋಟೊ ಜಾಲಿಸುತ್ತಿದ್ದೆವು. "ಗಿರಾಕಿ ಕುಂತಾರ, ಜಲ್ದಿ ಎತ್ತು" ಎನ್ನುತ್ತಿದ್ದರು. ಎಲ್ಲ ಗೊತ್ತಿದ್ದೂ ಎತ್ತುತ್ತಿದ್ದವಳು ನಾನೇ. ಹಳೆಯ ನೆಗೆಟಿವ್‌ಗಳನ್ನೋ, ಅವುಗಳಿಂದ ಬೆಳ್ಳಿ ತೆಗೆಯುವವನಿಗೆ ನನ್ನನ್ನು ಕೇಳದೆಯೇ ಚೀಲಗಟ್ಟಲೆ ಮಾರಿಬಿಟ್ಟಿದ್ದರು.

ಒಂದು ಮಧ್ಯಾಹ್ನ ಕಾನಹೊಸಹಳ್ಳಿ ಕಡೆಯ ಕುರಿ ಸಾಕುವ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಫೋಟೊ ಮುಂದಿಟ್ಟಳು. ತೀರಿಹೋದ ಮಗಳದು. ನಾವೇ ತೆಗೆದದ್ದು, ಅವಳ ಬಳಿ ಇದ್ದದ್ದು ಅದೊಂದೇ. ನಾಲ್ಕೇ ವರ್ಷಕ್ಕೆ ಮುಖ ಹಳದಿಗಟ್ಟಿ ಮಾಸಿತ್ತು.

"ಇನ್ನೊಂದು ತೆಗದು ಕೊಡ್ರಿ ಯಪ್ಪಾ. ಆಕಿ ಮಾರಿನ ಮರತು ಹೊಂಟೈತಿ."

"ಹಳೇದಾದ್ರ ಹಂಗ ಆಕ್ಕಾವವ್ವ," ಎಂದರು ನನ್ನ ಗಂಡ.

ಅವಳು ತಲೆಯೆತ್ತಿ ಗೋಡೆ ನೋಡಿದಳು. "ಅಲ್ಲಿ ನಿಮ್ಮಪ್ಪಾರ ಫೋಟೊ ಇದಕ್ಕಿಂತ ಹಳೇದಲ್ರಿ? ಅದ್ಯಾಕ ನೆಟ್ಟಗೈತಿ?"

ನಾನು ಒಳಗಿನಿಂದ ಬಂದೆ. "ತಪ್ಪು ನಮ್ದವ್ವ. ಸರಿಯಾಗಿ ತೊಳೀಲಿಲ್ಲ. ನೆಗೆಟಿವ್ವೂ ಇಲ್ಲ, ಮಾರಿಬಿಟ್ಟಾರ."

"ಅಂಗಡಿ ಮರ್ಯಾದಿ ತೆಗಿತಿಯೇನು?" ಎಂದು ಗಂಡ ಹಲ್ಲು ಕಡಿದರು.

"ಇದ್ದಿದ್ರ ತೆಗೀತಿದ್ದೆ."

ಆ ಮಾಸಿದ ಫೋಟೊವನ್ನೇ ಗೋಡೆಗೆ ಅಂಟಿಸಿ ಕ್ಯಾಮೆರಾದಲ್ಲಿ ಕಾಪಿ ತೆಗೆದು ಪ್ರಿಂಟ್ ಹಾಕಿದೆ. ಡೆವಲಪರ್ ಟ್ರೇಯಲ್ಲಿ ಗಲ್ಲ ಮೂಡಿತು, ಮೂಗುಬೊಟ್ಟು ಮೂಡಿತು, ತುಟಿ ಮೂಡಿತು. ಕಣ್ಣುಗಳಿದ್ದ ಕಡೆ ಖಾಲಿ. ಒಣಗಿಸಿ ತಂದಾಗ ಗಂಡ ರಿಟಚಿಂಗ್ ಪೆನ್ಸಿಲ್ ಚೂಪು ಮಾಡುತ್ತಿದ್ದರು. "ಎರಡು ಕಣ್ಣು ಬರದ್ರ ಮುಗೀತು. ಆಕಿಗೇನು ಗೊತ್ತಾಕ್ಕೈತಿ?"

ಹೆತ್ತವಳಿಗೆ ಗೊತ್ತಾಗುವುದಿಲ್ಲವಂತೆ! ಪೆನ್ಸಿಲ್ ಕಿತ್ತುಕೊಂಡು ಮುರಿದೆ. ಮೂಡಿದಷ್ಟನ್ನೇ ಒಯ್ದು ಅವಳ ಕೈಗಿಟ್ಟೆ. ಅವಳು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ತುಟಿ ಆಕಿದ ಐತ್ರಿ," ಎಂದಳು.

ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟು ಅರ್ಧವಾದರೂ ಅವಳ ಜೊತೆ ಬಸ್ಸು ಹತ್ತಿ ಹೋಗುತ್ತಿತ್ತು.