ಮೇಲೊಂದು ಗೀಟು, ಕೆಳಗೊಂದು ಗೀಟು

ಒಂದೇ ಥರದ ಎರಡು ಕಂಡರೆ ಸಾಕು, ಎರಡಕ್ಕೂ ಗೀಟು ಎಳೆಯಬೇಕೆನ್ನಿಸುವ ಚಟ ನನಗಿದೆ. ಬ್ಯಾಂಕಿನವರಿಗೆ ಇದು ಅಂಟುಜಾಡ್ಯ. ತಾಳೆ ನೋಡುವಾಗ ಈ ಬದಿಯದೂ ಆ ಬದಿಯದೂ ಹೊಂದಿದರೆ ಎರಡನ್ನೂ ಹೊಡೆದುಹಾಕುತ್ತೇವೆ, ಉಳಿದದ್ದಷ್ಟೇ ತಲೆನೋವು. ಧಾರವಾಡದಿಂದ ವಿಶಾಖಪಟ್ಟಣಕ್ಕೆ, ಅಲ್ಲಿಂದ ವಿಜಯವಾಡಕ್ಕೆ ವರ್ಗವಾದಾಗಲೂ ಚಟ ಜೊತೆಗೇ ಬಂತು. ಸಾಮಾನು ಕಟ್ಟುವಾಗ ಎರಡು ಈಳಿಗೆಮಣೆ ಯಾಕೆಂದು ಒಂದನ್ನು ವಿಶಾಖಪಟ್ಟಣದ ದುವ್ವಾಡದ ನೆರೆಯವರಿಗೆ ಕೊಟ್ಟು, ಹೆಂಡತಿಯಿಂದ ರೈಲಿನುದ್ದಕ್ಕೂ ಬೈಸಿಕೊಂಡವನು ನಾನು.

ಈ ಚಟ ಬೀಜಗಣಿತಕ್ಕೂ ಕೈ ಹಾಕಿದ್ದು ವಿಜಯವಾಡದ ಪಟಮಟದ ನಮ್ಮ ಬಾಡಿಗೆ ಮನೆಯಲ್ಲಿ. ಮಗಳು ಸಿಂಧು ಒಂಬತ್ತನೆಯ ತರಗತಿ. ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರೊಡನೆ ತೆಲುಗು, ಕನಸಿನಲ್ಲಿ ಬಡಬಡಿಸುವುದೂ ತೆಲುಗು. ಸಂಜೆ ನಾನು ಗಣಿತ ಹೇಳಿಕೊಡುವ ಒಂದು ಗಂಟೆ ಮಾತ್ರ ಅವಳ ಬಾಯಲ್ಲಿ ಕನ್ನಡ ಓಡಾಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಗಣಿತವಲ್ಲ, ಆ ಗಂಟೆ.

ಆ ದಿನ ಸಂಕ್ಷೇಪಿಸಬೇಕಾಗಿದ್ದ ಭಿನ್ನರಾಶಿಯಲ್ಲಿ ಮೇಲೆ x² + 5x + 6, ಕೆಳಗೆ x² − 9. ಮೇಲೊಂದು x², ಕೆಳಗೊಂದು x². ಕೈ ತಡೆಯಲಿಲ್ಲ. ಎರಡಕ್ಕೂ ಗೀಟು ಎಳೆದೆ.

“ಹಂಗ ಹೊಡೀಬಾರದಪ್ಪಾ. ಟೀಚರ್ ಬೈತಾರ.”

“ಯಾಕ? ಎರಡೂ ಒಂದ ಅದಾವಲ್ಲ?”

ಅವಳು ವಾದಕ್ಕಿಳಿಯಲಿಲ್ಲ. x ಜಾಗದಲ್ಲಿ ಒಂದು ಇಟ್ಟು ನೋಡಿದಳು. ಪುಸ್ತಕದ ಭಿನ್ನರಾಶಿಯಲ್ಲಿ ಮೇಲೆ ಹನ್ನೆರಡು, ಕೆಳಗೆ ಮೈನಸ್ ಎಂಟು. ನನ್ನದರಲ್ಲಿ ಮೇಲೆ ಹನ್ನೊಂದು, ಕೆಳಗೆ ಮೈನಸ್ ಒಂಬತ್ತು. ತಾಳೆಯಾಗಲಿಲ್ಲ! ಬ್ಯಾಂಕಿನವನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇರೆ ಇಲ್ಲ. ಸರಿಯಾದ ದಾರಿ ಅವಳಿಗೂ ಗೊತ್ತಿರಲಿಲ್ಲ, ನನಗೆ ಮರೆತೇಹೋಗಿತ್ತು.

ಅಡುಗೆಮನೆಯಿಂದಲೇ ತೀರ್ಪು ಬಂತು. “ನಿಮ್ಮ ಗೀಟು ಸಾಕ್ರೀ ಇನ್ನ. ನಾಳಿಂದನ ಆಕಿನ್ನ ಟ್ಯೂಷನ್‌ಗೆ ಹಾಕೂಣು.”

ಟ್ಯೂಷನ್ ಗವರ್ನರ್‌ಪೇಟೆಯಲ್ಲಿ, ಸರಿಯಾಗಿ ನನ್ನ ಗಂಟೆಯಲ್ಲೇ. ಮಗಳು ಸಿಟಿ ಬಸ್ಸು ಹತ್ತಿ ಹೋದಳು. ನಾನು ಚಹಾ ಕುಡಿದು ಖಾಲಿ ಮೇಜಿನ ಮುಂದೆ ಕುಳಿತೆ. ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದಾನೆ, ಪೇಟೆಯಲ್ಲಿ ಇನ್ನೊಬ್ಬ, ಒಂದನ್ನು ಹೊಡೆದುಹಾಕಿದ್ದಾರೆ. ನನ್ನ ಚಟ ನನಗೇ ತಿರುಗುಬಾಣವಾಗಿತ್ತು. ಬಹಳ ಬೇಜಾರಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ಅದೇ ಲೆಕ್ಕವನ್ನು ಮತ್ತೆ ಬರೆದುಕೊಂಡೆ.

ಸಿಂಧು ಮರಳಿ ಬಂದಾಗಲೂ ಪೆನ್ಸಿಲು ನನ್ನ ಕೈಯಲ್ಲೇ ಇತ್ತು. ಚಪ್ಪಲಿ ಬಿಡುತ್ತಲೇ ಇಣುಕಿ ನೋಡಿ, ಟ್ಯೂಷನ್ನಿನಲ್ಲಿ ಕಲಿತು ಬಂದ ಪಾಠವನ್ನು ತೆಲುಗಿನಲ್ಲಿ ಶುರುಮಾಡಿದಳು. ಕೌಂಟರಿನಲ್ಲಿ ದಿನವಿಡೀ ತೆಲುಗು ಮಾತಾಡುವ ನಾನು ಮುಖ ಪೆಚ್ಚು ಮಾಡಿಕೊಂಡು, “ತೆಲುಗಿನಾಗ ಗಣಿತ ತಲಿಗೆ ಹತ್ತವಲ್ದವಾ,” ಅಂದೆ.

ಅವಳು ಪಕ್ಕದ ಕುರ್ಚಿ ಎಳೆದು ಕುಳಿತಳು. ಆಮೇಲೆ ಕನ್ನಡದ ಮಾತು ಹುಡುಕಿ ಹುಡುಕಿ ಹೇಳಿದಳು: “ಈ x² ಒಂಟಿ ಇಲ್ಲಪ್ಪಾ. 5x, 6ರ ಜೋಡಿ ಕೂಡಿಕೊಂಡದ. ಕೂಡಿದ್ದರಾಗ ಒಂದನ್ನ ಹೊಡಿಯಾಕ ಬರೂದಿಲ್ಲ. ಗುಣಿಸಿದ್ದಿದ್ರ ಬರತದ. ಅದಕ್ಕ ಮೊದಲ ಬಿಡಸಬೇಕು.”

ಮೇಲೆ (x + 2)(x + 3), ಕೆಳಗೆ (x + 3)(x − 3). ಅಂಟಿಕೊಂಡ ಚಪಾತಿಗಳನ್ನು ಬಿಡಿಸಿಟ್ಟ ಹಾಗೆ ಎಲ್ಲ ಬೇರೆಬೇರೆಯಾಗಿ ಕಾಣತೊಡಗಿತು.

“ಈಗ ಹೊಡಿ,” ಅಂದಳು. ಅಪ್ಪಣೆ ಸಿಕ್ಕಿದ ಖುಷಿಯಲ್ಲಿ ಎರಡೂ (x + 3)ಗೆ ಗೀಟು ಎಳೆದೆ. ಉಳಿದದ್ದು ಮೇಲೆ x + 2, ಕೆಳಗೆ x − 3. ಒಂದು ಇಟ್ಟು ನೋಡಿದೆ, ತಾಳೆಯಾಯಿತು. ಮುಗಿಯಿತೆಂದು ಪೆನ್ಸಿಲು ಕೆಳಗಿಟ್ಟರೆ, ಅವಳು ಎತ್ತಿಕೊಂಡು ಪಕ್ಕದಲ್ಲಿ x ≠ −3 ಎಂದು ಬರೆದಳು.

“ಅದನ್ನ ಹೊಡದೀವಲ್ಲ, ಮತ್ಯಾಕ?”

“x ಮೈನಸ್ ಮೂರಾದ್ರ ಮೊದಲಿನ ಲೆಕ್ಕದಾಗ ಕೆಳಗ ಸೊನ್ನಿ ಬರತದ. ಹೊಡದ್ರೂ ಅದು ಇತ್ತು ಅಂತ ಬಾಜೂಕ ಬರದಿಡಬೇಕಪ್ಪಾ. ಮರೀಬಾರದು.”

ಗಡಿಯಾರ ನೋಡಿದೆ. ಅವಳು ಬಂದು ಸುಮಾರು ಒಂದು ಗಂಟೆಯಾಗಿತ್ತು, ಶುರುವಿನ ಎರಡು ಮಾತು ಬಿಟ್ಟರೆ ಅಷ್ಟೂ ಕನ್ನಡದಲ್ಲೇ. ಒಳಗಿನಿಂದ ಊಟಕ್ಕೆ ಕರೆ ಬಂತು.

ಮರುದಿನ ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಇನ್ನೊಂದು ಭಿನ್ನರಾಶಿ ಬರೆದುಕೊಂಡು, ಬಹಳ ಯೋಚಿಸಿ, ತಪ್ಪಾದ ಜಾಗದಲ್ಲೇ ಗೀಟು ಎಳೆದು, ಕಾಯುತ್ತ ಕುಳಿತೆ.